ಒಂದೇ ರಾತ್ರಿಯಲ್ಲಿ ಬಂಕಿನ ಪೆಟ್ರೋಲ್ ಎಲ್ಲಿಗೆ ಹೋಯ್ತು?

"ಗಾಡಿಗೆ ಪೆಟ್ರೋಲ್ ಹಾಕಿಸಿದ್ಯಾ? ನಾಳೆಯಿಂದ ಸಿಗಲ್ವಂತೆ."

ಹರಿಹರದಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿ ಹೀಗೆ ಕೇಳಿದಾಗ ಸಂಜೆ ಆರೂವರೆ. ಯಾರು ಹೇಳಿದ್ದು ಅಂತ ಕೇಳಿದೆ. "ಎಲ್ಲರೂ ಹೇಳ್ತಿದಾರೆ ಕಣಪ್ಪ" ಅಂದರು. ಲಾರಿ ಮುಷ್ಕರದ ಸುದ್ದಿ ಟಿವಿಯಲ್ಲಿ ಓಡುತ್ತಿದ್ದ ದಿನ ಅದು. ನನ್ನ ಗಾಡಿಯಲ್ಲಿ ಅರ್ಧ ಟ್ಯಾಂಕಿಗಿಂತ ಜಾಸ್ತಿ ಪೆಟ್ರೋಲ್ ಇತ್ತು. ಕೆಲಸಕ್ಕೆ ಹೋಗಿ ಬರಲು ಒಂದು ವಾರಕ್ಕೆ ಅದು ಧಾರಾಳ ಸಾಕು. ಆದರೂ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ದಾವಣಗೆರೆಯ ಪಿ.ಬಿ. ರೋಡಿನ ಬಂಕೊಂದರ ಮುಂದೆ ಗಾಡಿಗಳ ಸಾಲು ರಸ್ತೆಗೆ ಬಂದು ನಿಂತಿತ್ತು. ಐವತ್ತು ನಿಮಿಷ ಕಾದು ಫುಲ್ ಟ್ಯಾಂಕ್ ಮಾಡಿಸಿದೆ. ನನ್ನ ಹಿಂದೆ ಹತ್ತೆಂಟು ಗಾಡಿ ಆಗಿರಬೇಕು, ಬಂಕಿನ ಹುಡುಗ ಬಂದು ದಾರಿಗೆ ಅಡ್ಡ ಹಗ್ಗ ಕಟ್ಟಿದ. ನೋ ಸ್ಟಾಕ್ ಬೋರ್ಡ್ ಇಟ್ಟ. ಸಾಲಿನಲ್ಲಿ ಒಬ್ಬರು ಟಿವಿಎಸ್ ಎಕ್ಸೆಲ್ ಗಾಡಿಯನ್ನು ತಳ್ಳಿಕೊಂಡು ಬಂದಿದ್ದರು. ಹಿಂದೆ ಸೊಪ್ಪಿನ ಖಾಲಿ ಚೀಲಗಳು. "ಬೆಳಗ್ಗೆ ನಾಲ್ಕಕ್ಕೆ ಮಾರ್ಕೆಟ್ಟಿಗೆ ಹೋಗ್ಬೇಕು, ಅರ್ಧ ಲೀಟರ್ ಆದ್ರೂ ಹಾಕಪ್ಪ" ಅಂದರು. ಹುಡುಗ ಕೈ ಆಡಿಸಿದ. ಅವರು ಮತ್ತೆ ಗಾಡಿ ತಳ್ಳಿಕೊಂಡು ಹೋದರು. ನನ್ನ ಟ್ಯಾಂಕಿನಲ್ಲಿ ಬೇಕಿಲ್ಲದ ನಾಲ್ಕು ಲೀಟರ್ ಹೊಸದಾಗಿ ಬಂದು ಕೂತಿತ್ತು.

ಆ ನಾಲ್ಕು ಲೀಟರ್ ನನ್ನನ್ನು ಬಹಳ ದಿನ ಕಾಡಿತು. ಬಂಕಿನಲ್ಲಿದ್ದ ಪೆಟ್ರೋಲ್ ನಿಜಕ್ಕೂ ಎಲ್ಲಿಗೆ ಹೋಯಿತು? ಆ ಸಂಜೆ ಊರಿನಲ್ಲಿ ಯಾರೂ ಜಾಸ್ತಿ ಗಾಡಿ ಓಡಿಸಿರಲಿಲ್ಲ. ಪೆಟ್ರೋಲ್ ಉರಿದಿರಲಿಲ್ಲ, ಚೆಲ್ಲಿರಲೂ ಇಲ್ಲ. ನೆಲದ ಕೆಳಗಿನ ದೊಡ್ಡ ಟ್ಯಾಂಕಿನಿಂದ ನಮ್ಮೆಲ್ಲರ ಸೀಟಿನ ಮುಂದಿರುವ ಸಣ್ಣ ಟ್ಯಾಂಕುಗಳಿಗೆ ಹೋಗಿತ್ತು, ಅಷ್ಟೇ. ಊರಿನ ಪೆಟ್ರೋಲ್ ಊರಿನಲ್ಲೇ ಇತ್ತು. ಬೇಕಾದವರ ಕೈಗೆ ಮಾತ್ರ ಸಿಗುತ್ತಿರಲಿಲ್ಲ.

ಇದು ಹೇಗಾಗುತ್ತೆ ಅಂತ ಬಿಡಿಸಿ ನೋಡೋಣ.

ಬಂಕಿನ ಹೊಟ್ಟೆ ಎಷ್ಟು ದೊಡ್ಡದು

ಬಂಕಿನಲ್ಲಿ ನಮಗೆ ಕಾಣುವುದು ಮೆಷಿನ್ನು, ಪೈಪು ಮಾತ್ರ. ಸರಕಿರುವುದು ನೆಲದ ಕೆಳಗೆ. ಸಾಮಾನ್ಯವಾಗಿ ಒಂದೊಂದು ಟ್ಯಾಂಕು ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಲೀಟರ್ ಹಿಡಿಯುತ್ತದೆ. ಪೆಟ್ರೋಲಿಗೆ ಬೇರೆ, ಡೀಸೆಲ್ಲಿಗೆ ಬೇರೆ. ಎಷ್ಟು ಉಳಿದಿದೆ ಅಂತ ತಿಳಿಯಲು ಡಿಪ್ ರಾಡ್ ಇಳಿಸಿ ನೋಡುತ್ತಾರೆ. ಗುರುತು ಮಾಡಿದ ಉದ್ದನೆಯ ಕೋಲು ಅದು. ಟ್ಯಾಂಕಿನ ತಳದಲ್ಲಿ ಸ್ವಲ್ಪ ಪೆಟ್ರೋಲ್ ಸದಾ ಉಳಿದೇ ಇರುತ್ತದೆ. ಪಂಪಿನ ಪೈಪ್ ಪೂರ್ತಿ ತಳಕ್ಕೆ ಮುಟ್ಟುವುದಿಲ್ಲ. ತಳದಲ್ಲಿ ನೀರು, ಕಸ ಸೇರಿರಬಹುದು ಎಂಬ ಕಾರಣಕ್ಕೆ ಹಾಗೆ ಮಾಡಿರುತ್ತಾರೆ.

ಈ ಟ್ಯಾಂಕನ್ನು ತುಂಬುವುದು ಟ್ಯಾಂಕರ್ ಲಾರಿ. ಹನ್ನೆರಡು ಸಾವಿರ ಲೀಟರಿನ ಲಾರಿ ನಮ್ಮ ಕಡೆ ಸಾಮಾನ್ಯ, ಇಪ್ಪತ್ತು ಸಾವಿರದ್ದೂ ಇದೆ. ಒಳಗೆ ಬೇರೆ ಬೇರೆ ಖಾನೆಗಳಿರುತ್ತವೆ. ಒಂದೇ ಲಾರಿಯಲ್ಲಿ ಪೆಟ್ರೋಲೂ ಡೀಸೆಲ್ಲೂ ಬರಬಹುದು. ದೊಡ್ಡ ಡಿಪೋಗಳಿರುವುದು ಮಂಗಳೂರು, ಹಾಸನ, ಹುಬ್ಬಳ್ಳಿ, ಬೆಂಗಳೂರು ಕಡೆ. ಮಂಗಳೂರಿನ ರಿಫೈನರಿಯಿಂದ ಹಾಸನದ ಮೇಲೆ ಬೆಂಗಳೂರಿಗೆ ನೆಲದೊಳಗೆ ಪೈಪ್‌ಲೈನ್ ಇದೆ. ಆ ಪೈಪು ದಾವಣಗೆರೆ, ಚಿತ್ರದುರ್ಗದ ಮೇಲೆ ಹಾದುಹೋಗುವುದಿಲ್ಲ. ನಮ್ಮ ಬಂಕುಗಳಿಗೆ ಲಾರಿಯೇ ಗತಿ. ಬಂಕಿನವರು ದುಡ್ಡು ಕಟ್ಟಿ ಇಂಡೆಂಟ್, ಅಂದರೆ ಇಷ್ಟು ಬೇಕು ಎಂಬ ಬೇಡಿಕೆ, ಹಾಕಬೇಕು. ಡಿಪೋದಲ್ಲಿ ಲಾರಿ ಸರದಿಗೆ ನಿಲ್ಲಬೇಕು. ಲೋಡ್ ಆಗಿ, ಸೀಲ್ ಬಿದ್ದು, ದಾರಿ ಸವೆಸಿ ಬರಬೇಕು. ಬಂದ ಮೇಲೆ ಸಾಂದ್ರತೆ ನೋಡಿ, ಡಿಪ್ ಹಾಕಿ, ಇಳಿಸಿಕೊಳ್ಳಬೇಕು. ಆಮೇಲೆ ಖಾಲಿ ಲಾರಿ ವಾಪಸ್ ಹೋಗಬೇಕು.

ಅಂದರೆ ಈ ಸರಪಳಿ ಇರುವುದು ದಿನಾ ಎಷ್ಟು ಬೇಕೋ ಅಷ್ಟನ್ನು ತಂದುಕೊಡಲು. ಒಂದೇ ರಾತ್ರಿ ಏಳೆಂಟು ಪಟ್ಟು ಕೊಡಲು ಅಲ್ಲ. ಅಷ್ಟು ಲಾರಿ, ಅಷ್ಟು ಡ್ರೈವರುಗಳು, ಅಷ್ಟು ದೊಡ್ಡ ಟ್ಯಾಂಕು ಯಾವ ಊರಲ್ಲೂ ಇರುವುದಿಲ್ಲ.

ಎರಡು ಗುಣಾಕಾರ

ಏಳೆಂಟು ಪಟ್ಟು ಅಂತ ಸುಮ್ನೆ ಹೇಳಲಿಲ್ಲ. ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ನಾನೇ ಇಟ್ಟುಕೊಂಡ ಲೆಕ್ಕ, ನಿಮ್ಮ ಬೀದಿಯ ಬಂಕಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಒಂದು ಬಂಕಿಗೆ ದಿನಕ್ಕೆ 1,500 ಗಾಡಿ ಬರುತ್ತವೆ ಅಂದುಕೊಳ್ಳಿ. ನಮ್ಮಲ್ಲಿ ಜಾಸ್ತಿ ಜನ "ನೂರು ರೂಪಾಯಿದು ಹಾಕಪ್ಪ", "ಇನ್ನೂರದ್ದು ಹಾಕು" ಅನ್ನುವವರೇ. ಕಾರುಗಳನ್ನೂ ಸೇರಿಸಿ ತಲೆಗೆ ಸರಾಸರಿ ಎರಡು ಲೀಟರ್ ಅಂದರೆ ದಿನಕ್ಕೆ 3,000 ಲೀಟರ್ ಆಯಿತು.

ಈಗ ಗಾಳಿಸುದ್ದಿ ಹಬ್ಬಿತು. ಮೊದಲ ಬದಲಾವಣೆ, ಒಬ್ಬೊಬ್ಬರೂ ಜಾಸ್ತಿ ಹಾಕಿಸುತ್ತಾರೆ. ನೂರು ರೂಪಾಯಿ ಅನ್ನುತ್ತಿದ್ದವರು ಫುಲ್ ಅನ್ನುತ್ತಾರೆ. ಸರಾಸರಿ ಎರಡರಿಂದ ಐದು ಲೀಟರಿಗೆ ಏರಿತು. ಎರಡನೇ ಬದಲಾವಣೆ, ನಾಳೆ, ನಾಡಿದ್ದು ಬರಬೇಕಾದವರೂ ಇವತ್ತೇ ಬರುತ್ತಾರೆ. 1,500 ಗಾಡಿ ಇದ್ದದ್ದು 4,500 ಆಯಿತು. 4,500 ಗಾಡಿಗೆ ಐದೈದು ಲೀಟರ್ ಅಂದರೆ 22,500 ಲೀಟರ್. ಮಾಮೂಲಿ ದಿನದ ಏಳೂವರೆ ಪಟ್ಟು.

ಜನ ಎರಡು ಪಟ್ಟು ಬಂದರೆ ಪೆಟ್ರೋಲ್ ಎರಡು ಪಟ್ಟು ಖರ್ಚಾಗುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಬರುವ ಜನವೂ ಏರುತ್ತದೆ, ಒಬ್ಬೊಬ್ಬರು ಒಯ್ಯುವುದೂ ಏರುತ್ತದೆ. ಎರಡೂ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಗಡಿಯಾರದ ಲೆಕ್ಕವನ್ನೂ ನೋಡಿ. ಪೆಟ್ರೋಲಿನ ನಾಲ್ಕು ಪೈಪುಗಳಿವೆ. ಮೀಟರ್ ಸೊನ್ನೆ ತೋರಿಸಿ, ಹಾಕಿ, ಫೋನ್‌ಪೇಯಲ್ಲಿ ದುಡ್ಡು ಬಂತಾ ಅಂತ ನೋಡಿ ಕಳಿಸಲು ಒಂದು ಗಾಡಿಗೆ ಒಂದು ನಿಮಿಷ. ಗಂಟೆಗೆ 240 ಗಾಡಿ. ಟ್ಯಾಂಕಿನಲ್ಲಿ 8,000 ಲೀಟರ್ ಇದ್ದರೆ ಐದೈದು ಲೀಟರಿನಂತೆ 1,600 ಗಾಡಿಗೆ ಬರುತ್ತದೆ. ಸಂಜೆ ಐದಕ್ಕೆ ಶುರುವಾದರೆ ರಾತ್ರಿ ಹನ್ನೆರಡರೊಳಗೆ ಮುಗಿಯಿತು. ಮಾಮೂಲಿ ದಿನಗಳಲ್ಲಿ ಇದೇ 8,000 ಲೀಟರ್ ಎರಡೂವರೆ ದಿನಕ್ಕಿಂತ ಜಾಸ್ತಿ ಬರುತ್ತಿತ್ತು.

ಇಲ್ಲಿಂದ ಮುಂದಿನದು ಇನ್ನೂ ಬೇಗ ನಡೆಯುತ್ತದೆ. ಒಂದು ಬಂಕಿನಲ್ಲಿ ನೋ ಸ್ಟಾಕ್ ಬೋರ್ಡ್ ಬಿದ್ದ ಕೂಡಲೇ ಅಲ್ಲಿದ್ದ ಸಾಲು ಕರಗುವುದಿಲ್ಲ, ಪಕ್ಕದ ಬಂಕಿಗೆ ಹೋಗಿ ಸೇರಿಕೊಳ್ಳುತ್ತದೆ. ಹದಡಿ ರೋಡಿನವರು ಪಿ.ಬಿ. ರೋಡಿಗೆ ಬರುತ್ತಾರೆ, ಅಲ್ಲೂ ಮುಗಿದರೆ ಹೈವೇ ಕಡೆ ಹೊರಡುತ್ತಾರೆ. ದಾವಣಗೆರೆಯಿಂದ ಚಿತ್ರದುರ್ಗದ ತನಕ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ ಬಂಕುಗಳಿಗೇನೂ ಕಮ್ಮಿ ಇಲ್ಲ. ಆದರೆ ಹೈವೇ ಬಂಕುಗಳ ಮುಖ್ಯ ವ್ಯಾಪಾರ ಲಾರಿಗಳ ಡೀಸೆಲ್. ಊರಿನ ಬೈಕುಗಳೆಲ್ಲ ಒಟ್ಟಿಗೆ ನುಗ್ಗಿದರೆ ಅಲ್ಲಿನ ಪೆಟ್ರೋಲ್ ಎಷ್ಟು ಹೊತ್ತು ತಡೆದೀತು? ಬಾಗಿಲು ಹಾಕಿದ ಪ್ರತಿ ಬಂಕಿನ ಫೋಟೋ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತದೆ. ಈಗ ಅದು ಗಾಳಿಸುದ್ದಿ ಅಲ್ಲ, ಕಣ್ಣಾರೆ ಕಂಡ ಸತ್ಯ. ಚಿಕ್ಕಪ್ಪ ಫೋನ್ ಮಾಡಿದಾಗ ಅವರ ಮಾತು ನಿಜವಾಗಿರಲಿಲ್ಲ. ಮೂರು ಗಂಟೆ ಬಿಟ್ಟು ನಿಜವಾಗಿತ್ತು. ನಿಜ ಮಾಡಿದವರಲ್ಲಿ ನಾನೂ ಒಬ್ಬ.

ಬುದ್ಧಿ ಕೆಟ್ಟಿದ್ದಲ್ಲ

ಇಂಥ ಸಮಯದಲ್ಲಿ ಟಿವಿಯವರು, ಕೆಲವು ಅಧಿಕಾರಿಗಳು "ಜನ ಬುದ್ಧಿ ಇಲ್ಲದೆ ಮುಗಿಬೀಳ್ತಿದ್ದಾರೆ" ಅನ್ನುವುದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಾಲಿನಲ್ಲಿ ನಿಂತ ಒಬ್ಬೊಬ್ಬರನ್ನೂ ಬೇರೆಯಾಗಿ ನೋಡಿ. "ಉಳಿದವರೆಲ್ಲ ತುಂಬಿಸ್ಕೊಂಡ್ರೆ ನಾಳೆ ನನಗೆ ಸಿಗಲ್ಲ. ಹಾಗಾಗಿ ನಾನೂ ಇವತ್ತೇ ತುಂಬಿಸ್ಬೇಕು." ಇದರಲ್ಲಿ ತಪ್ಪು ಲೆಕ್ಕ ಎಲ್ಲಿದೆ? ಬೇರೆಯವರು ಹೋಗುತ್ತಾರೆ ಅಂತ ಖಚಿತವಾದರೆ ಮನೆಯಲ್ಲಿ ಕೂರುವವನೇ ಕೆಡುತ್ತಾನೆ. ಎಲ್ಲರೂ ಹೀಗೆ ಸರಿಯಾಗಿ ಲೆಕ್ಕ ಹಾಕಿದ್ದರಿಂದಲೇ ಎಲ್ಲರಿಗೂ ನಷ್ಟವಾಗುತ್ತದೆ.

ಬ್ಯಾಂಕಿನ ವಿಷಯದಲ್ಲಿ ಇದು ಹಳೆಯ ಕಥೆ. ಚೆನ್ನಾಗಿಯೇ ನಡೆಯುತ್ತಿರುವ ಬ್ಯಾಂಕು ಮುಳುಗುತ್ತದೆ ಎಂಬ ಸುದ್ದಿ ಹಬ್ಬುತ್ತದೆ. ಎಲ್ಲರೂ ಒಂದೇ ದಿನ ದುಡ್ಡು ಕೇಳಿದರೆ ಯಾವ ಬ್ಯಾಂಕೂ ಕೊಡಲಾರದು, ದುಡ್ಡು ಸಾಲಗಳಲ್ಲಿ ಹಂಚಿಹೋಗಿರುತ್ತದೆ. ಸುದ್ದಿ ಸುಳ್ಳಾಗಿದ್ದರೂ ಬ್ಯಾಂಕು ನಿಜವಾಗಿ ಮುಳುಗುತ್ತದೆ. ಹೀಗೆ ನಂಬಿಕೆಯೇ ತನ್ನನ್ನು ನಿಜ ಮಾಡಿಕೊಳ್ಳುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಬ್ಯಾಂಕಿನ ಉದಾಹರಣೆ ಕೊಟ್ಟೇ ವಿವರಿಸಿದರು. ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಅವರಿಗೆ 2022ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬ್ಯಾಂಕಿಗೆ ನಮ್ಮ ದೇಶದಲ್ಲಿ ಠೇವಣಿ ವಿಮೆ ಇದೆ. 2020ರಿಂದ ಐದು ಲಕ್ಷ ರೂಪಾಯಿವರೆಗೆ ಭದ್ರ. ಆ ಭರವಸೆ ಇರುವುದರಿಂದಲೇ ಸಣ್ಣ ಠೇವಣಿದಾರರು ಸಣ್ಣ ಸುದ್ದಿಗೆಲ್ಲ ಓಡಿಹೋಗಬೇಕಿಲ್ಲ. ಪೆಟ್ರೋಲಿಗೆ ಅಂಥ ವಿಮೆ ಇಲ್ಲ. "ನಾಳೆ ನಿನಗೆ ಎರಡು ಲೀಟರ್ ಖಂಡಿತ ಸಿಗುತ್ತೆ" ಅಂತ ಯಾರೂ ಬರೆದುಕೊಟ್ಟಿಲ್ಲ. ಜನರ ಭಯಕ್ಕೆ ಬೇರು ಅಲ್ಲಿದೆ.

ಪೆಟ್ರೋಲಿಗೆ ಮಾತ್ರ ಹೀಗಾಗುತ್ತೆ ಅಂತಲೂ ಅಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾದ ಕೆಲವೇ ದಿನಕ್ಕೆ ಉತ್ತರ ಭಾರತದ ಹಲವು ಊರುಗಳಲ್ಲಿ ಉಪ್ಪು ಸಿಗಲ್ಲ ಎಂಬ ಸುದ್ದಿ ಹಬ್ಬಿ ಜನ ಅಂಗಡಿಗಳಿಗೆ ಮುಗಿಬಿದ್ದರು. ಮೂರು ಕಡೆ ಸಮುದ್ರ ಇರುವ ದೇಶದಲ್ಲಿ ಉಪ್ಪು.

ನಿಜವಾದ ಕೊರತೆ ಯಾವುದು, ಭಯದ ಕೊರತೆ ಯಾವುದು

ಹಾಗಂತ ಎಲ್ಲ ಕೊರತೆಯೂ ಭಯದಿಂದ ಹುಟ್ಟಿದ್ದಲ್ಲ. ಇವನ್ನು ಬೇರ್ಪಡಿಸಿ ನೋಡುವುದು ಬಹಳ ಮುಖ್ಯ. ಏಕೆಂದರೆ ಒಂದೊಂದಕ್ಕೂ ಮದ್ದು ಬೇರೆ.

ಕೆಲವು ಸಲ ದೇಶಕ್ಕೇ ತೈಲ ಬರುವುದಿಲ್ಲ. 2022ರಲ್ಲಿ ಶ್ರೀಲಂಕಾದಲ್ಲಿ ಹಾಗಾಯಿತು. ತೈಲ ಕೊಳ್ಳಲು ಸರ್ಕಾರದ ಕೈಯಲ್ಲಿ ಡಾಲರ್ ಇರಲಿಲ್ಲ. ಜನ ದಿನಗಟ್ಟಲೆ ಸಾಲಿನಲ್ಲಿ ಮಲಗಿದರು. ಕೊನೆಗೆ ಕ್ಯೂಆರ್ ಕೋಡ್ ಇರುವ ಪಾಸ್ ಬಂತು. ಶುರುವಿನಲ್ಲಿ ಬೈಕಿಗೆ ವಾರಕ್ಕೆ ನಾಲ್ಕು ಲೀಟರ್, ಆಟೋಗೆ ಐದು, ಕಾರಿಗೆ ಇಪ್ಪತ್ತು. ಅಲ್ಲಿ ಹಂಚಿ ತಿನ್ನದೆ ಬೇರೆ ದಾರಿ ಇರಲಿಲ್ಲ.

ಇನ್ನು ಕೆಲವು ಸಲ ತೈಲ ಇರುತ್ತದೆ, ತರುವವರಿರುವುದಿಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಲಾರಿ ಡ್ರೈವರುಗಳ ಕೊರತೆಯಿಂದ ಬೆರಳೆಣಿಕೆಯ ಬಂಕುಗಳು ಮುಚ್ಚಿದವು. ಸುದ್ದಿ ಟಿವಿಗೆ ಬಂತು. ಮೂರ್ನಾಲ್ಕು ದಿನದಲ್ಲಿ, ಸುಮಾರು 5,500 ಬಂಕುಗಳಿರುವ ಅಲ್ಲಿನ ಮಾಲೀಕರ ಸಂಘ ತನ್ನ ಮೂರನೇ ಎರಡು ಭಾಗದಷ್ಟು ಬಂಕುಗಳಲ್ಲಿ ಪೆಟ್ರೋಲ್ ಇಲ್ಲ ಅಂದಿತು. ಅಕ್ಟೋಬರ್ 4ರಿಂದ ಸೈನಿಕರು ಟ್ಯಾಂಕರ್ ಓಡಿಸಬೇಕಾಯಿತು. ರಿಫೈನರಿಗಳಲ್ಲಿ ಆಗಲೂ ಪೆಟ್ರೋಲ್ ಇತ್ತು.

ನಮ್ಮ ದೇಶದಲ್ಲಿ 2024ರ ಜನವರಿ 1 ಮತ್ತು 2ರಂದು ಆದದ್ದೂ ಇದೇ ಬಗೆಯದು. ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಪಘಾತದಲ್ಲಿ ಸಾವು ಸಂಭವಿಸಿದಾಗ ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಎಂಬ ಕಲಂ ಬಂದಿತ್ತು. ಅದನ್ನು ವಿರೋಧಿಸಿ ಹಲವು ರಾಜ್ಯಗಳಲ್ಲಿ ಡ್ರೈವರುಗಳು ಲಾರಿ ನಿಲ್ಲಿಸಿದರು. ಟ್ಯಾಂಕರ್‌ಗಳೂ ನಿಂತವು. ಹೈದರಾಬಾದಿನಂಥ ಊರುಗಳಲ್ಲಿ ಬಂಕುಗಳ ಮುಂದೆ ಉದ್ದುದ್ದ ಸಾಲು ಬಂತು. ಜನವರಿ 2ರ ರಾತ್ರಿ ಕೇಂದ್ರ ಗೃಹ ಕಾರ್ಯದರ್ಶಿಯ ಜೊತೆ ಮಾತುಕತೆಯಾಗಿ ಮುಷ್ಕರ ನಿಂತಿತು. ಲಾರಿ ನಿಂತದ್ದು ಎರಡೇ ದಿನ. ಮಾಮೂಲಿ ಹಾಗೆ ಜನ ಪೆಟ್ರೋಲ್ ಹಾಕಿಸಿದ್ದರೆ ಎಷ್ಟೋ ಬಂಕುಗಳು ಆ ಎರಡು ದಿನವನ್ನು ದಾಟುತ್ತಿದ್ದವು.

ಮೂರನೆಯ ಬಗೆಯ ಕೊರತೆ ನಮ್ಮ ಕರ್ನಾಟಕವೇ ಕಂಡದ್ದು. ಇದನ್ನು ಜನ ಬೇಗ ಮರೆತರು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಹೊರಗೆ ತೈಲದ ಬೆಲೆ ಏರಿತ್ತು. ಇಲ್ಲಿ ಸರ್ಕಾರಿ ಕಂಪನಿಗಳು ಮೇ ತಿಂಗಳ ಸುಂಕ ಕಡಿತದ ನಂತರ ಬೆಲೆಯನ್ನು ಹಾಗೇ ಹಿಡಿದಿಟ್ಟವು. ನಷ್ಟದಲ್ಲಿ ಮಾರುವುದು ಖಾಸಗಿ ಕಂಪನಿಗಳಿಗೆ ಕಟ್ಟಲಿಲ್ಲ. ಕೆಲವರು ಬೆಲೆ ಏರಿಸಿದರು, ಕೆಲವರು ಮಾರಾಟ ಇಳಿಸಿದರು. ಅವರ ಗಿರಾಕಿಗಳೆಲ್ಲ ಸರ್ಕಾರಿ ಕಂಪನಿಗಳ ಬಂಕಿಗೆ ಬಂದರು. ಸಗಟು ಡೀಸೆಲ್ ಬಂಕಿನ ಡೀಸೆಲ್ಲಿಗಿಂತ ದುಬಾರಿಯಾಗಿತ್ತು. ಹಾಗಾಗಿ ಸಗಟಿನಲ್ಲಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿಗಳೂ ಬಂಕಿನ ಮುಂದೆ ಬಂದು ನಿಂತರು. ಜೂನ್ ತಿಂಗಳು ಬೇರೆ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಬಿತ್ತುವ ಹೊತ್ತು, ಟ್ರ್ಯಾಕ್ಟರುಗಳಿಗೆಲ್ಲ ಡೀಸೆಲ್ ಬೇಕು. ಆ ತಿಂಗಳ ಮೊದಲ ಹದಿನೈದು ದಿನದಲ್ಲಿ ಕೆಲವು ಕಡೆ ಬೇಡಿಕೆ ಹಿಂದಿನ ವರ್ಷಕ್ಕಿಂತ ಶೇ. 50ರವರೆಗೂ ಏರಿದೆ ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಹೇಳಿತು. ಹೆಸರಿಸಿದ ರಾಜ್ಯಗಳು ರಾಜಸ್ಥಾನ, ಮಧ್ಯಪ್ರದೇಶ, ಕರ್ನಾಟಕ. ದೇಶದಲ್ಲಿ ತೈಲ ಸಾಕಷ್ಟಿತ್ತು. ಹೋಗಬೇಕಾದ ಬಾಗಿಲುಗಳು ಕಮ್ಮಿಯಾಗಿದ್ದವು.

ನಮ್ಮ ರಾಜ್ಯದಲ್ಲೇ, ಮಂಗಳೂರು ಮತ್ತು ಉಡುಪಿಯ ಪಾದೂರಿನಲ್ಲಿ, ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ದೇಶದ ತುರ್ತು ತೈಲ ಸಂಗ್ರಹ ಇದೆ. ಮಂಗಳೂರಿನದು 15 ಲಕ್ಷ ಟನ್ ಹಿಡಿಯುತ್ತದೆ, ಪಾದೂರಿನದು 25 ಲಕ್ಷ ಟನ್. ವಿಶಾಖಪಟ್ಟಣದ್ದೂ ಸೇರಿದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕಾಗುವಷ್ಟು. ರಿಫೈನರಿ, ಡಿಪೋಗಳಲ್ಲಿ ಇರುವುದು ಇದಕ್ಕಿಂತ ಬಹಳ ಜಾಸ್ತಿ. ಆದರೆ ಗುಹೆಯಲ್ಲಿರುವುದು ಕಚ್ಚಾ ತೈಲ. ಹಡಗು ಬರುವುದು ನಿಂತರೆ ಅದು ದೇಶವನ್ನು ಕಾಯುತ್ತದೆ. ರಾತ್ರಿ ಒಂಬತ್ತಕ್ಕೆ ದಾವಣಗೆರೆಯ ಬಂಕಿನಲ್ಲಿ ಹಗ್ಗ ಕಟ್ಟಿದಾಗ ಅದು ಸಹಾಯಕ್ಕೆ ಬರುವುದಿಲ್ಲ.

ನಮ್ಮ ಗಾಡಿಗಳೇ ದೊಡ್ಡ ಡಿಪೋ

ಇನ್ನೊಂದು ಲೆಕ್ಕ ಕೇಳಿ. ಒಂದು ಊರಿನಲ್ಲಿ ಒಂದು ಲಕ್ಷ ಬೈಕು, ಸ್ಕೂಟರು ಇವೆ ಅನ್ನಿ. ಸಾಮಾನ್ಯ ದಿನಗಳಲ್ಲಿ ಒಂದೊಂದರಲ್ಲೂ ಎರಡು ಲೀಟರ್ ಇರುತ್ತದೆ. ಎಲ್ಲರೂ ತುಂಬಿಸಿಕೊಂಡು ಆರು ಲೀಟರ್ ಮಾಡಿಕೊಂಡರೆ? ನಾಲ್ಕು ಲಕ್ಷ ಲೀಟರ್ ಹೆಚ್ಚಿಗೆ ಬೇಕು. ಹನ್ನೆರಡು ಸಾವಿರ ಲೀಟರಿನ ಲಾರಿಯಲ್ಲಿ ಮೂವತ್ಮೂರು ಲೋಡ್. ಕಾರುಗಳನ್ನು ಇನ್ನೂ ಎಣಿಸಿಯೇ ಇಲ್ಲ. ಯಾರೂ ಮನೆಯಲ್ಲಿ ಡ್ರಮ್ ತುಂಬಿಟ್ಟಿಲ್ಲ, ಯಾರೂ ಕಾಳಸಂತೆ ಮಾಡಿಲ್ಲ. ಬರೀ ಟ್ಯಾಂಕ್ ತುಂಬಿಸಿದ್ದಕ್ಕೇ ಇಷ್ಟು.

ಆ ನಾಲ್ಕು ಲಕ್ಷ ಲೀಟರ್ ಯಾರ ಬಳಿ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಫುಲ್ ಟ್ಯಾಂಕ್ ಮಾಡಿಸಲು ಕೈಯಲ್ಲಿ ಐನೂರು, ಸಾವಿರ ರೂಪಾಯಿ ಬೇಕು. ಒಂದು ಗಂಟೆ ಸಾಲಿನಲ್ಲಿ ನಿಲ್ಲುವಷ್ಟು ಬಿಡುವು ಬೇಕು. ದಿನಗೂಲಿಯವರು, ಸೊಪ್ಪು ಹೂವು ಮಾರುವವರು, ಊಟ ತಲುಪಿಸುವ ಹುಡುಗರು ಅಂದಿನ ದುಡಿಮೆಯಲ್ಲಿ ಅಂದಿನ ಪೆಟ್ರೋಲ್ ಹಾಕಿಸುತ್ತಾರೆ. ಇವರ ಟ್ಯಾಂಕು ಯಾವಾಗಲೂ ರಿಸರ್ವಿಗೆ ಹತ್ತಿರ. ಲೀಟರಿಗೆ ನೂರು ದಾಟಿದ ಮೇಲಂತೂ ಇವರ ನೂರು ರೂಪಾಯಿಗೆ ಒಂದು ಲೀಟರೂ ಪೂರ್ತಿ ಬರುವುದಿಲ್ಲ. ಭಯ ಹಬ್ಬಿದ ರಾತ್ರಿ ಪೆಟ್ರೋಲ್ ಇಂಥವರಿಂದ ದೂರ ಹೋಗಿ ನನ್ನಂಥವರ ಟ್ಯಾಂಕಿನಲ್ಲಿ ವಾರಗಟ್ಟಲೆ ಸುಮ್ನೆ ಕೂರುತ್ತದೆ. ಇದು ಅನ್ಯಾಯ ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ದಾವಣಗೆರೆ ಆಸ್ಪತ್ರೆಗಳ ಊರು ಕೂಡ. ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಲೆಕ್ಕವಿಲ್ಲದಷ್ಟು ನರ್ಸಿಂಗ್ ಹೋಂ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ರೋಗಿಗಳು ಬರುತ್ತಾರೆ. ರಾತ್ರಿ ಪಾಳಿಯ ನರ್ಸುಗಳು ಸ್ಕೂಟಿಯಲ್ಲಿ ಬರುತ್ತಾರೆ. ಸಾಲಿನಲ್ಲಿ ಇವರನ್ನು ಗುರುತಿಸುವವರು ಯಾರು?

ಕ್ಯಾನಿನ ಅಪಾಯ

ಸಾಲಿನಲ್ಲಿ ಕ್ಯಾನು, ನೀರಿನ ಬಾಟಲಿ ಹಿಡಿದವರೂ ಇರುತ್ತಾರೆ. ದಯವಿಟ್ಟು ಇದೊಂದನ್ನು ಮಾಡಬೇಡಿ. ಪೆಟ್ರೋಲ್ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಉರಿ ಹತ್ತುವಷ್ಟು ಆವಿ ಬಿಡುತ್ತದೆ. ನಮ್ಮ ದುರ್ಗದ, ದಾವಣಗೆರೆಯ ಬೇಸಿಗೆಯಲ್ಲಿ ಕೇಳಬೇಕೆ? ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಿದು, ದೂರದಲ್ಲಿರುವ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಬಹುದು. ಪ್ಲಾಸ್ಟಿಕ್ ಡಬ್ಬದಲ್ಲಿ ಪೆಟ್ರೋಲ್ ಬೀಳುವಾಗ ಸ್ಥಿರ ವಿದ್ಯುತ್ ಹುಟ್ಟಿ ಕಿಡಿ ಹಾರುವ ಭಯವೂ ಇದೆ.

1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಒಟ್ಟು 30 ಲೀಟರ್ ಮೀರುವಂತಿಲ್ಲ. ಗಾಜಿನ ಪಾತ್ರೆಯಾದರೆ ಒಂದು ಲೀಟರ್ ಒಳಗಿನದು, ಲೋಹದ್ದಾದರೆ 25 ಲೀಟರ್ ಒಳಗಿನದು, ಅದೂ ಬಿಗಿಯಾದ ಮುಚ್ಚಳ ಇರಬೇಕು. ಕೂಲ್‌ಡ್ರಿಂಕ್ ಬಾಟಲಿಗೆ ಅಲ್ಲಿ ಜಾಗವೇ ಇಲ್ಲ. ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ನಿಗೆ, ಔಷಧಿ ಹೊಡೆಯುವ ಪಂಪಿಗೆ ಪೆಟ್ರೋಲ್ ಬೇಕಾಗುವ ಅಡಿಕೆ ಬೆಳೆಗಾರರ ಕಷ್ಟ ನನಗೆ ಗೊತ್ತು. ಅವರೂ ಒಳ್ಳೆಯ ಲೋಹದ ಡಬ್ಬ ಇಟ್ಟುಕೊಳ್ಳುವುದು ಕ್ಷೇಮ.

ಬಹಳ ದಿನ ಇಡುವುದರಿಂದ ಲಾಭವೂ ಇಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತದೆ, ಆಮೇಲೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಕಲೋನಿಯಲ್ ಎಂಬ ದೊಡ್ಡ ಪೈಪ್‌ಲೈನ್ ಕಂಪನಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದು ಪೈಪ್ ನಿಂತಿತು. ಜನ ಮುಗಿಬಿದ್ದರು. ಬಹುಪಾಲು ಪೆಟ್ರೋಲ್ ಹಡಗಿನಲ್ಲಿ ಬರುವ ಫ್ಲೋರಿಡಾದಲ್ಲೂ ಸಾಲು ಬೆಳೆಯಿತು. ಕೊನೆಗೆ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ "ಪ್ಲಾಸ್ಟಿಕ್ ಚೀಲಗಳಲ್ಲಿ ಪೆಟ್ರೋಲ್ ತುಂಬಬೇಡಿ" ಅಂತ ಎಚ್ಚರಿಸಬೇಕಾಯಿತು.

ಏನು ಮಾಡಿದರೆ ಸಾಲು ಕರಗುತ್ತದೆ

"ಗಾಬರಿ ಬೇಡ, ಸಾಕಷ್ಟು ಸ್ಟಾಕ್ ಇದೆ" ಎಂಬ ಹೇಳಿಕೆ ಎಲ್ಲ ಕಡೆ ಮೊದಲು ಬರುತ್ತದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ಪಂಜಾಬಿನ ಬಂಕುಗಳಲ್ಲಿ ಸಾಲು ಬೆಳೆಯಿತು. ಆಗ ಇಂಡಿಯನ್ ಆಯಿಲ್ ಕಂಪನಿಯೂ ಹೀಗೇ ಹೇಳಿತು. ಹೇಳಲೇಬೇಕು, ನಿಜ. ಆದರೆ ಕಣ್ಣೆದುರು ನೋ ಸ್ಟಾಕ್ ಬೋರ್ಡ್ ಇದ್ದಾಗ ಈ ಮಾತು ಕಿವಿಗೆ ಹೋಗುವುದಿಲ್ಲ. "ಬೇಡ ಅಂತಿದಾರೆ ಅಂದ್ರೆ ಏನೋ ಇದೆ" ಅನ್ನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಜನರಿಗೆ ಬೇಕಾದದ್ದು ಇಷ್ಟು: ಯಾವ ಬಂಕಿಗೆ, ಎಷ್ಟು ಗಂಟೆಗೆ ಲೋಡ್ ಬರುತ್ತದೆ. "ಹುಬ್ಬಳ್ಳಿ ಡಿಪೋದಿಂದ ಲಾರಿ ಹೊರಟಿದೆ, ಬೆಳಗ್ಗೆ ಏಳಕ್ಕೆ ಸಿಗುತ್ತೆ" ಅಂತ ಬಂಕಿನ ಮುಂದೆ ಬರೆದು ಹಾಕಿದರೆ ಅರ್ಧ ಸಾಲು ಮನೆಗೆ ಹೋಗುತ್ತದೆ. ಖಾಲಿ ನೋ ಸ್ಟಾಕ್ ಬೋರ್ಡಿಗಿಂತ ಸಮಯ ಬರೆದ ಬೋರ್ಡು ಎಷ್ಟೋ ಮೇಲು.

ಎರಡನೆಯದು ಮಿತಿ. 2024ರ ಜನವರಿ 2ರಂದು ಚಂಡೀಗಢದ ಆಡಳಿತ ಬೈಕಿಗೆ ಎರಡು ಲೀಟರ್, ಕಾರಿಗೆ ಐದು ಲೀಟರ್ ಅಂತ ಮಿತಿ ಹಾಕಿತು. ಆ ಎರಡು ಗುಣಾಕಾರಗಳಲ್ಲಿ ಒಂದನ್ನು ಇದು ಕತ್ತರಿಸುತ್ತದೆ. ನಮ್ಮ ಉದಾಹರಣೆಯ ಬಂಕಿನಲ್ಲಿ 1,600 ಗಾಡಿಗೆ ಸಿಗುತ್ತಿದ್ದದ್ದು ಎರಡೆರಡು ಲೀಟರಿನಂತೆ 4,000 ಗಾಡಿಗೆ ಸಿಗುತ್ತದೆ. ಎಕ್ಸೆಲ್ ಗಾಡಿಯವರಿಗೂ ಸಿಗುತ್ತಿತ್ತು. ಒಂದು ತೊಂದರೆ ಇದೆ. ಮಿತಿ ಬಹಳ ಸಣ್ಣದಾದರೆ ಜನ ದಿನಾ ಬಂದು ನಿಲ್ಲುತ್ತಾರೆ, ಸಾಲು ಕರಗುವುದೇ ಇಲ್ಲ. ಇದಕ್ಕೆ 1979ರಲ್ಲಿ ಅಮೆರಿಕದ ಕೆಲವು ರಾಜ್ಯಗಳು ಉಲ್ಟಾ ದಾರಿ ಹಿಡಿದವು. ಕನಿಷ್ಠ ಇಷ್ಟು ಹಾಕಿಸಲೇಬೇಕು ಎಂಬ ನಿಯಮ. ಮುಕ್ಕಾಲು ತುಂಬಿದ ಟ್ಯಾಂಕಿನಲ್ಲಿ ಅಷ್ಟು ಹಿಡಿಸುವುದಿಲ್ಲ, ಹಾಗಾಗಿ ಅಂಥವರು ಸಾಲಿಗೆ ಬರುವುದಿಲ್ಲ. ಕೇಳಿದಾಗ ವಿಚಿತ್ರ ಅನ್ನಿಸಿತು, ಯೋಚಿಸಿದರೆ ಸರಿ ಇದೆ. ಆ ನಿಯಮ ಇದ್ದಿದ್ದರೆ ನಾನು ಆ ಸಂಜೆ ಹೊರಡುತ್ತಲೇ ಇರಲಿಲ್ಲ. ಆದರೆ ನೂರು ರೂಪಾಯಿ ಗಿರಾಕಿಗಳೇ ಜಾಸ್ತಿ ಇರುವ ನಮ್ಮ ಊರಿಗೆ ಅದು ಹೊಂದುವುದಿಲ್ಲ, ಬಡವರನ್ನೇ ಹೊರಗೆ ನಿಲ್ಲಿಸುತ್ತದೆ. ನಮಗೆ ಎರಡು ಲೀಟರಿನ ಮಿತಿಯೇ ಸರಿ. ಜೊತೆಗೆ ಆಸ್ಪತ್ರೆಯವರಿಗೆ, ಆಂಬುಲೆನ್ಸಿಗೆ ಒಂದು ಪೈಪು ಬೇರೆ ಇಡಬೇಕು.

ಇನ್ನು ನಾವು ಮಾಡಬಹುದಾದದ್ದು. ಅನುಕೂಲ ಇರುವವರು ಮಾಮೂಲಿ ದಿನಗಳಲ್ಲೇ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು. ಒಂದು ಲಕ್ಷ ಗಾಡಿ ಒಂದೇ ಸಂಜೆ ತುಂಬಿಸಿದರೆ ಮೂವತ್ಮೂರು ಲೋಡ್ ಕೂಡಲೇ ಬೇಕು. ಅದನ್ನೇ ಎರಡು ತಿಂಗಳಲ್ಲಿ ಒಬ್ಬೊಬ್ಬರಾಗಿ ಮಾಡಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಸುದ್ದಿ ಬಂದ ದಿನ ಅರ್ಧ ಟ್ಯಾಂಕ್ ಇರುವವರು ಮನೆಯಲ್ಲಿ ಇರಬಹುದು. ಬಂಕಿನ ಫೋಟೋ ಫೋನಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಆ ಬಂಕಿನವರಿಗೆ ಒಂದು ಫೋನ್ ಹಚ್ಚಿ ಲೋಡ್ ಯಾವಾಗ ಅಂತ ಕೇಳಬಹುದು.

ನನ್ನ ಚಿಕ್ಕಪ್ಪ ಫೋನ್ ಮಾಡಿದ ಮೂರನೇ ದಿನ ಅದೇ ಬಂಕಿನ ಮುಂದೆ ಹಾದು ಹೋದೆ. ಬೆಳಗ್ಗೆ ಹನ್ನೊಂದು ಗಂಟೆ. ಹಗ್ಗ ಬಿಚ್ಚಿದ್ದರು. ಒಂದೇ ಒಂದು ಗಾಡಿ ಇರಲಿಲ್ಲ. ಹುಡುಗ ನೆರಳಿನಲ್ಲಿ ಸ್ಟೂಲ್ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಾ ಕೂತಿದ್ದ. ಪಕ್ಕದಲ್ಲಿ ಟ್ಯಾಂಕರ್ ಲಾರಿ ನಿಂತಿತ್ತು. ಯಾಕೆ ಇಳಿಸ್ತಿಲ್ಲ ಅಂತ ಕೇಳಿದೆ. "ನಿನ್ನೆ ಒಂದು ಲೋಡ್ ಬಂತಣ್ಣ, ಹಾಗೇ ಇದೆ. ಕೆಳಗೆ ಜಾಗ ಇಲ್ಲ. ಎಲ್ಲರ ಗಾಡೀಲೂ ಫುಲ್ ಇದೆಯಲ್ಲ, ಯಾರು ಬರ್ತಾರೆ?" ಅಂದ.